ಆರೋಗ್ಯ ಪ್ರಶ್ನೋತ್ತರ: ಕುಲಾಂತರಿ ನಮ್ಮ ತಟ್ಟೆಗೆ ಎಷ್ಟು ಬಂದಿದೆ?

ಕುಲಾಂತರಿ ಆಹಾರದ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಟೊಮೆಟೊ ಮೇಲೆಯೇ ಸಿಟ್ಟಾಗಿವೆ. ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ನಮ್ಮ ಅತ್ತೆ ಗಟ್ಟಿ ಟೊಮೆಟೊ, ಬೀಜವಿಲ್ಲದ ಕಲ್ಲಂಗಡಿ, ಸ್ವೀಟ್ ಕಾರ್ನ್ ಯಾವುದನ್ನೂ ಮನೆಯೊಳಗೆ ಬಿಡುವುದಿಲ್ಲ. ‘ಎಲ್ಲಾ ಕುಲಾಂತರಿ, ಮಕ್ಕಳಿಗೆ ಕೊಡಬೇಡ’ ಅನ್ನುತ್ತಾರೆ. ಜವಾರಿ ಟೊಮೆಟೊನೇ ತರಬೇಕಾ ಡಾಕ್ಟ್ರೇ?
– ಗೃಹಿಣಿ, ದಾವಣಗೆರೆ

ಉತ್ತರ: ಅತ್ತೆಯವರ ಕಾಳಜಿ ಸರಿ, ಪಟ್ಟಿ ಸರಿಯಿಲ್ಲ. ನಮ್ಮ ಸಂತೆಯಲ್ಲಿ ಸಿಗುವ ಈ ಮೂರೂ ಹೈಬ್ರಿಡ್, ಕುಲಾಂತರಿಯಲ್ಲ. ಒಂದೇ ಬೆಳೆಯ ಎರಡು ತಳಿಗಳ ಪರಾಗ ಸೇರಿಸಿ ಪಡೆದದ್ದು ಹೈಬ್ರಿಡ್. ಬೀಜವಿಲ್ಲದ ಕಲ್ಲಂಗಡಿಯಲ್ಲಿ ಒಂದೊಂದು ವರ್ಣತಂತುವಿಗೂ ಎರಡು ಪ್ರತಿಗಳ ಬದಲು ಮೂರು ಇರುವುದರಿಂದ ಬೀಜ ಕಟ್ಟುವುದಿಲ್ಲ, ಅಷ್ಟೇ. ರೆಡ್ ಲೇಡಿ ಪಪ್ಪಾಯವೂ ಹೈಬ್ರಿಡ್. ಸಾಮಾನ್ಯವಾಗಿ ಕುಲಾಂತರಿ ಎನ್ನುವುದು ಬೇರೊಂದು ಜೀವಿಯ ಜೀನನ್ನು, ಅದು ಬ್ಯಾಕ್ಟೀರಿಯಾದ್ದೂ ಆಗಿರಬಹುದು, ಪ್ರಯೋಗಾಲಯದಲ್ಲಿ ಗಿಡಕ್ಕೆ ಸೇರಿಸಿದಾಗ. 1994ರಲ್ಲಿ ಅಮೆರಿಕದಲ್ಲಿ ‘ಫ್ಲೇವರ್ ಸೇವರ್’ ಎಂಬ ಕುಲಾಂತರಿ ಟೊಮೆಟೊ ಮಾರಾಟಕ್ಕೆ ಬಂದು ಕೆಲವೇ ವರ್ಷಗಳಲ್ಲಿ ಮಾಯವಾಯಿತು. ನಮ್ಮ ರೈತರು ಅನುಮತಿಯೊಂದಿಗೆ ವ್ಯಾಪಕವಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಹತ್ತಿ ಒಂದೇ.

ಜವಾರಿ ಟೊಮೆಟೊ ಸಿಕ್ಕರೆ ಖಂಡಿತ ತನ್ನಿ. ಸಾರಿಗೆ ಹುಳಿ ಚೆನ್ನಾಗಿ ಬಿಡುತ್ತದೆ.

ಪ್ರಶ್ನೆ: ನಾವು ಬಿಟಿ ಹತ್ತಿ ಬೆಳೆಯೋರು. ಹತ್ತಿಕಾಳು, ಹಿಂಡಿ ಎಮ್ಮಿಗೆ ಹಾಕ್ತೀವಿ. ಆ ಹಾಲು ಮೊಮ್ಮಕ್ಕಳು ಕುಡೀತಾವ. ಏನರ ಆಗ್ತದೇನ್ರಿ?
– ರೈತ, ರಾಯಚೂರು ಜಿಲ್ಲೆ

ಉತ್ತರ: ಯಜಮಾನರೇ, ಬಂದ ಪತ್ರಗಳಲ್ಲೆಲ್ಲ ಗುರಿಗೆ ಹತ್ತಿರ ಹೋದ ಪ್ರಶ್ನೆ ನಿಮ್ಮದು. ಮಣ್ಣಿನ ಬ್ಯಾಕ್ಟೀರಿಯಾವೊಂದರ ಜೀನ್ ಸೇರಿಸಿದ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕಿತು, ಈಗ ದೇಶದ ಹತ್ತಿ ಹೊಲಗಳಲ್ಲಿ ಶೇ 90ಕ್ಕೂ ಹೆಚ್ಚು ಅದೇ ಇದೆ. ಹತ್ತಿ ಉಡುವ ಬೆಳೆ, ತಿನ್ನುವ ಬೆಳೆಯಲ್ಲ ಎಂದು ಪಟ್ಟಣದವರು ತಿಳಿದಿದ್ದಾರೆ. ಆದರೆ ಕಾಳಿನಿಂದ ಎಣ್ಣೆ ಬರುತ್ತದೆ, ಹಿಂಡಿ ದನಕ್ಕೆ ಹೋಗುತ್ತದೆ. ಗುಜರಾತಿನಲ್ಲಿ ಆ ಎಣ್ಣೆ ಅಡುಗೆಮನೆಯದ್ದೇ. ಕುಲಾಂತರಿ ನಮ್ಮ ತಟ್ಟೆಗೆ ಬರುವ ಇನ್ನೊಂದು ದಾರಿ ಸೋಯಾ ಎಣ್ಣೆ. ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ ನಾವು ತರಿಸಿಕೊಳ್ಳುವ ಎಣ್ಣೆಯ ಮೂಲದ ಸೋಯಾ ಬಹುಪಾಲು ಕುಲಾಂತರಿ. ಶೇಂಗಾ, ಸೂರ್ಯಕಾಂತಿ, ತಾಳೆ ಎಣ್ಣೆಗಳಿಗೆ ಈ ಪ್ರಶ್ನೆಯೇ ಇಲ್ಲ. ಆ ಬೆಳೆಗಳಲ್ಲಿ ಕುಲಾಂತರಿ ಮಾರುಕಟ್ಟೆಗೆ ಬಂದಿಲ್ಲ. ಎಣ್ಣೆಯನ್ನು ಶುದ್ಧೀಕರಿಸಿದಾಗ ಜೀನಾಗಲಿ ಅದು ತಯಾರಿಸುವ ಪ್ರೋಟೀನಾಗಲಿ ಹೆಚ್ಚುಕಡಿಮೆ ಉಳಿಯುವುದೇ ಇಲ್ಲ.

ಇನ್ನು ಹಾಲು. ಬಿಟಿ ಮೇವು, ಹಿಂಡಿ ತಿಂದ ಹಸುಗಳ ಹಾಲನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಬಿಟಿ ಪ್ರೋಟೀನ್ ಕಂಡಿಲ್ಲ. ಮೊಮ್ಮಕ್ಕಳು ಕುಡಿಯಲಿ. ಆದರೆ ನಿಮ್ಮ ಹಿಂಡಿಯ ಚೀಲವನ್ನು ಒಮ್ಮೆ ಬಿಚ್ಚಿ ನೋಡಿ. ಮಳೆಗಾಲದಲ್ಲಿ ಬೂಸ್ಟು ಹಿಡಿದಿದೆಯೇ? ಬೂಸ್ಟು ಹಿಡಿದ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಎಮ್ಮೆ ಅದನ್ನು ತಿಂದರೆ ಅದರ ಒಂದು ರೂಪ ಹಾಲಿಗೆ ಇಳಿಯುತ್ತದೆ, ಹಾಲು ಕಾಯಿಸಿದರೆ ಹೋಗುವುದಿಲ್ಲ. ಯಕೃತ್ತಿನ ಕ್ಯಾನ್ಸರಿಗೆ ಅಫ್ಲಟಾಕ್ಸಿನ್ ಕಾರಣ ಎಂಬುದರಲ್ಲಿ ಸಂಶಯವಿಲ್ಲ. ಬಿಟಿ ಬಗ್ಗೆ ಬರುವ ಪತ್ರಗಳ ಹತ್ತರಲ್ಲೊಂದು ಪಾಲು ಬೂಸ್ಟಿನ ಬಗ್ಗೆ ಬಂದರೂ ನನಗೆ ಸಮಾಧಾನ. ಹಿಂಡಿಯನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಬೂಸ್ಟು ಬಂದದ್ದನ್ನು ಒಣಗಿಸಿ ಹಾಕಬೇಡಿ, ಎಸೆಯಿರಿ.

ಪ್ರಶ್ನೆ: ಬೆಂಗಳೂರಿನ ಅಂಗಡಿಯೊಂದರಲ್ಲಿ ‘ನಾನ್ ಜಿಎಂಒ’ (ಕುಲಾಂತರಿಯಲ್ಲ) ಎಂದು ಮುದ್ರಿಸಿದ ಉಪ್ಪು ಕೊಂಡೆ. ಬೆಲೆ ಮೂರು ಪಟ್ಟು. ಒಳ್ಳೆಯದೇ?
– ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: ಉಪ್ಪಿಗೆ ಜೀನೇ ಇಲ್ಲ. ಅಯೋಡಿನ್ ಇದೆಯೇ ನೋಡಿ.

ಪ್ರಶ್ನೆ: ಬಿಟಿ ಬೆಳೆ ತಿಂದ ಹುಳು ಸಾಯುತ್ತದೆ. ಹುಳುವನ್ನು ಕೊಲ್ಲುವ ವಸ್ತು ನಮ್ಮನ್ನು ಸುಮ್ಮನೆ ಬಿಡುತ್ತದೆಯೇ? ಆ ಜೀನ್ ನಮ್ಮ ದೇಹಕ್ಕೆ ಸೇರಿಕೊಳ್ಳುವುದಿಲ್ಲವೇ?
– ಪಿಯು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಜಾಣೆ, ಎರಡು ಪ್ರಶ್ನೆ ಕೇಳಿದ್ದೀಯ. ಮೊದಲು ಎರಡನೆಯದು. ಸೊಪ್ಪು, ಬೇಳೆ, ಕೋಳಿ ಏನೇ ತಿಂದರೂ ಅದರ ಕೋಟ್ಯಂತರ ಜೀನ್‌ಗಳನ್ನೂ ನುಂಗಿರುತ್ತೇವೆ. ಕರುಳು ಅವನ್ನೆಲ್ಲ ಚೂರು ಮಾಡಿ ಅರಗಿಸುತ್ತದೆ. ಸಾವಿರಾರು ವರ್ಷ ಬದನೆ ತಿಂದರೂ ನಮ್ಮ ತಲೆಯ ಮೇಲೆ ತೊಟ್ಟು ಮೂಡಿಲ್ಲ.

ಬಿಟಿ ಪ್ರೋಟೀನ್ ಮಣ್ಣಿನ ಒಂದು ಬ್ಯಾಕ್ಟೀರಿಯಾದ್ದು. ಕಾಯಿಕೊರಕದ ಕರುಳು ಕ್ಷಾರೀಯ. ಅಲ್ಲಿ ಅದು ಕರಗಿ, ಕರುಳಿನ ಗೋಡೆಯ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿ, ರಂಧ್ರ ಕೊರೆಯುತ್ತದೆ. ನಮ್ಮ ಜಠರ ಆಮ್ಲೀಯ, ಅಲ್ಲಿ ಈ ಪ್ರೋಟೀನ್ ಬೇಗ ಮುರಿಯುತ್ತದೆ. ಆ ಗ್ರಾಹಕಗಳೂ ನಮ್ಮ ಕರುಳಿನಲ್ಲಿಲ್ಲ. ಇದೇ ಬ್ಯಾಕ್ಟೀರಿಯಾವನ್ನು ಸಾವಯವ ಕೃಷಿಕರು ದಶಕಗಳಿಂದ ಸಿಂಪಡಿಸುತ್ತಿದ್ದಾರೆ. ಒಂದು ವ್ಯತ್ಯಾಸವನ್ನು ಮರೆಯಬಾರದು: ಸಿಂಪಡಿಸಿದ್ದು ಬಿಸಿಲಿಗೆ ಹಾಳಾಗಿ ಹೋಗುತ್ತದೆ, ಗಿಡದೊಳಗಿನದ್ದು ದಿನವೂ ತಯಾರಾಗುತ್ತಲೇ ಇರುತ್ತದೆ. ಅದಕ್ಕೇ ‘ಬ್ಯಾಕ್ಟೀರಿಯಾ ಹಳೆಯದು, ಪರೀಕ್ಷೆ ಯಾಕೆ’ ಎಂಬ ವಾದ ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ: ನನ್ನ ಐದು ವರ್ಷದ ಮಗನಿಗೆ ಶೇಂಗಾ ಅಲರ್ಜಿ. ಒಮ್ಮೆ ಉಸಿರು ಕಟ್ಟಿ ಐಸಿಯುಗೆ ಸೇರಿಸಬೇಕಾಯಿತು. ಕುಲಾಂತರಿ ಆಹಾರದಲ್ಲಿ ಯಾವುದರ ಜೀನ್ ಯಾವುದಕ್ಕೆ ಸೇರಿರುತ್ತದೋ ಎಂಬ ಭಯ. ನಾನು ಏನು ಮಾಡಲಿ?
– ತಾಯಿ, ಮೈಸೂರು

ಉತ್ತರ: ಅಮ್ಮಾ, ಇದು ಹುಚ್ಚು ಭಯವಲ್ಲ. ಅಲರ್ಜಿ ತರುವುದು ಪ್ರೋಟೀನ್, ಜೀನ್ ತಯಾರಿಸುವುದೂ ಪ್ರೋಟೀನನ್ನೇ. ಹಾಗಾಗಿ ಕುಲಾಂತರಿಯ ಬಗ್ಗೆ ವೈದ್ಯನಾಗಿ ನನ್ನ ಮೊದಲ ಪ್ರಶ್ನೆ ನಿಮ್ಮದೇ: ಯಾವ ಜೀನ್, ಎಲ್ಲಿಂದ ತಂದದ್ದು?

1990ರ ದಶಕದಲ್ಲಿ ಅಮೆರಿಕದ ಪಯನಿಯರ್ ಹೈ-ಬ್ರೆಡ್ ಎಂಬ ಬೀಜದ ಕಂಪನಿ ಪಶು ಆಹಾರಕ್ಕೆಂದು ಸೋಯಾದಲ್ಲಿ ಮೆಥಿಯೊನಿನ್ ಎಂಬ ಪೋಷಕಾಂಶ ಹೆಚ್ಚಿಸಲು ಹೊರಟಿತು. ಬ್ರೆಜಿಲ್ ನಟ್ ಎಂಬ ಬೀಜದ ಜೀನನ್ನು ಸೇರಿಸಿತು. ಆ ಬೀಜಕ್ಕೆ ಅಲರ್ಜಿಯಿದ್ದವರ ರಕ್ತದ ಸೀರಂ ತಂದು ಹೊಸ ಸೋಯಾದೊಂದಿಗೆ ಪರೀಕ್ಷಿಸಿದರು. ಒಂಬತ್ತು ಮಂದಿಯಲ್ಲಿ ಎಂಟು ಮಂದಿಯ ಸೀರಂ ಪ್ರತಿಕ್ರಿಯೆ ತೋರಿತು. ಅಲರ್ಜಿ ಬೀಜದಿಂದ ಸೋಯಾಗೆ ದಾಟಿತ್ತು! ಯೋಜನೆ ಅಲ್ಲಿಗೇ ನಿಂತಿತು, 1996ರಲ್ಲಿ ಅದರ ವರದಿ ಪ್ರಕಟವಾಯಿತು. ವಿರೋಧಿಗಳು ಇದನ್ನು ‘ನೋಡಿ, ಅಪಾಯ’ ಎನ್ನುತ್ತಾರೆ, ಪರವಾದವರು ‘ನೋಡಿ, ಪರೀಕ್ಷೆ ಹಿಡಿಯಿತಲ್ಲ’ ಎನ್ನುತ್ತಾರೆ. ನನಗೆ ಇಬ್ಬರೂ ಸರಿ ಅನ್ನಿಸುತ್ತಾರೆ.

ಇನ್ನೊಂದು ಪ್ರಕರಣ ಅಷ್ಟು ಅಚ್ಚುಕಟ್ಟಾಗಿಲ್ಲ. ಸ್ಟಾರ್‌ಲಿಂಕ್ ಎಂಬ ಮೆಕ್ಕೆಜೋಳದ ಬಿಟಿ ಪ್ರೋಟೀನ್ ಬೇಗ ಜೀರ್ಣವಾಗುತ್ತಿರಲಿಲ್ಲ. ಅಲರ್ಜಿಯ ಶಂಕೆಯಿದ್ದುದರಿಂದ ಅಮೆರಿಕದಲ್ಲಿ ಅದಕ್ಕೆ ಪಶು ಆಹಾರಕ್ಕಷ್ಟೇ ಅನುಮತಿ ಕೊಟ್ಟರು. 2000ದಲ್ಲಿ ನೋಡಿದರೆ ಅದು ಮನುಷ್ಯರು ತಿನ್ನುವ ಟಾಕೊ ಚಿಪ್ಪುಗಳಲ್ಲಿ ಸಿಕ್ಕಿತು, ದೊಡ್ಡ ಪ್ರಮಾಣದಲ್ಲಿ ತಿನಿಸುಗಳನ್ನು ವಾಪಸ್ ತರಿಸಬೇಕಾಯಿತು. ಅಲರ್ಜಿಯಾಯಿತೆಂದು ದೂರಿದವರ ಪೈಕಿ 17 ಮಂದಿಯ ರಕ್ತವನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಪರೀಕ್ಷಿಸಿದಾಗ ಆ ಪ್ರೋಟೀನೇ ಕಾರಣ ಎಂಬುದಕ್ಕೆ ಆಧಾರ ಸಿಗಲಿಲ್ಲ. ಕಾಗದದ ಮೇಲೆ ದನಕ್ಕೆ ಇದು, ಜನಕ್ಕೆ ಅದು ಎಂದು ಬರೆದರೆ ಸಾಲದು, ಗೋದಾಮಿನಲ್ಲಿ ಕಾಳು ಬೆರೆಯುತ್ತದೆ.

ನಿಮ್ಮ ಮಗನ ವಿಷಯಕ್ಕೆ ಬರೋಣ. ನಮ್ಮಲ್ಲಿ ಸಿಗುವ ಯಾವ ಆಹಾರದಲ್ಲೂ ಶೇಂಗಾದ ಜೀನ್ ಸೇರಿಸಿಲ್ಲ. ಅವನ ಶತ್ರು ಚಟ್ನಿಯಲ್ಲಿ, ಚಿಕ್ಕಿಯಲ್ಲಿ, ಗೆಳೆಯನ ಡಬ್ಬಿಯ ಒಗ್ಗರಣೆ ಅವಲಕ್ಕಿಯಲ್ಲಿದೆ. ಅಡ್ರಿನಲಿನ್ ಚುಚ್ಚುಮದ್ದು ಹತ್ತಿರವಿಟ್ಟುಕೊಳ್ಳುವ ಬಗ್ಗೆ ನಿಮ್ಮ ಅಲರ್ಜಿ ತಜ್ಞರನ್ನು ಕೇಳಿ, ಶಾಲೆಗೆ ಬರೆದು ಕೊಡಿ.

ಲೇಬಲ್ ಬಗ್ಗೆ ನನ್ನ ಹಟವೂ ಇಲ್ಲಿಂದಲೇ ಬಂದದ್ದು. ಮೈಮೇಲೆ ದದ್ದು ಎದ್ದು ಬಂದ ರೋಗಿಗೆ ‘ನಿನ್ನೆ ಏನು ತಿಂದಿರಿ?’ ಎಂದು ಕೇಳುತ್ತೇನೆ. ತಿಂದದ್ದರಲ್ಲಿ ಏನಿತ್ತೆಂದು ಅವರಿಗೇ ಗೊತ್ತಿಲ್ಲದಿದ್ದರೆ ನನ್ನ ವಿಚಾರಣೆ ಅಲ್ಲಿಗೇ ಮುಗಿಯಿತು. ಕುಲಾಂತರಿ ಇದ್ದರೆ ಪೊಟ್ಟಣದ ಮೇಲೆ ‘ಜಿಎಂ’ ಎಂದು ಹಾಕಬೇಕೆಂಬ ನಿಯಮ 2013ರ ಜನವರಿಯಿಂದಲೇ ಇದೆ. 2018ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್ ಅಂಗಡಿಗಳಿಂದ 65 ಮಾದರಿಗಳನ್ನು ಕೊಂಡು ಪರೀಕ್ಷಿಸಿದಾಗ ಸುಮಾರು ಮೂರನೇ ಒಂದರಷ್ಟರಲ್ಲಿ ಕುಲಾಂತರಿ ಅಂಶ ಸಿಕ್ಕಿತು, ಅವುಗಳಲ್ಲಿ ಹೆಚ್ಚಿನವು ಆಮದಾದವು. 2021ರ ಮಾರ್ಚ್‌ನಿಂದ 24 ಬೆಳೆಗಳ ಆಮದಿಗೆ ‘ಕುಲಾಂತರಿಯಲ್ಲ’ ಎಂಬ ಪ್ರಮಾಣಪತ್ರ ಬೇಕು, ಶೇ 1ರವರೆಗಿನ ಆಕಸ್ಮಿಕ ಬೆರಕೆಗೆ ವಿನಾಯಿತಿಯಿದೆ. ನಿಯಮ ಕಡಿಮೆಯಾಗಿಲ್ಲ, ತಪಾಸಣೆ ಕಡಿಮೆಯಾಗಿದೆ.

ಪ್ರಶ್ನೆ: ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ್ದೇನೆ. ಕುಲಾಂತರಿ ಜೋಳ ತಿಂದು ದೊಡ್ಡ ಗೆಡ್ಡೆಗಳಾದ ಇಲಿಗಳ ಚಿತ್ರವನ್ನು ತಂಗಿ ವಾಟ್ಸ್ಯಾಪ್‌ನಲ್ಲಿ ಕಳಿಸಿದ್ದಾಳೆ. ನಿದ್ದೆ ಬರುತ್ತಿಲ್ಲ.
– ಶಿಕ್ಷಕಿ, ಧಾರವಾಡ

ಉತ್ತರ: ಆ ಚಿತ್ರ ನನಗೂ ಬರುತ್ತಲೇ ಇರುತ್ತದೆ. ಅದು ಫ್ರಾನ್ಸಿನ ಸೆರಾಲಿನಿ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದ್ದು. ಬಳಸಿದ ಇಲಿಗಳ ತಳಿಗೆ ವಯಸ್ಸಾದಂತೆ ತಾನಾಗಿಯೇ ಗೆಡ್ಡೆಗಳಾಗುತ್ತವೆ. ಗುಂಪಿಗೆ ಹತ್ತೇ ಇಲಿಗಳಿದ್ದವು. ಅಷ್ಟರಲ್ಲಿ ಯಾವ ಗೆಡ್ಡೆ ಮೆಕ್ಕೆಜೋಳದ್ದು, ಯಾವುದು ವಯಸ್ಸಿನದ್ದು ಎಂದು ಹೇಳಲಾಗದು. 2013ರಲ್ಲಿ ಆ ಪತ್ರಿಕೆಯೇ ಲೇಖನವನ್ನು ಹಿಂತೆಗೆದುಕೊಂಡಿತು. ಮರುವರ್ಷ ಅದು ಬೇರೊಂದು ಪತ್ರಿಕೆಯಲ್ಲಿ ಪ್ರಕಟವಾಯಿತು, ಇಲಿಗಳ ಸಂಖ್ಯೆ ಮಾತ್ರ ಹೆಚ್ಚಲಿಲ್ಲ.

2016ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 900ಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿದವು. 1990ರ ದಶಕದಿಂದ ಕುಲಾಂತರಿ ತಿನ್ನುತ್ತಿರುವ ಅಮೆರಿಕ, ಕೆನಡಾ ಜನರನ್ನು ಅಷ್ಟಾಗಿ ತಿನ್ನದ ಬ್ರಿಟನ್ ಮತ್ತು ಪಶ್ಚಿಮ ಯುರೋಪಿನವರೊಂದಿಗೆ ಹೋಲಿಸಿದವು. ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ, ಬೊಜ್ಜು, ಯಾವುದರಲ್ಲೂ ಕುಲಾಂತರಿಯ ಮೇಲೆ ಹೊರಿಸಬಹುದಾದ ವ್ಯತ್ಯಾಸ ಕಾಣಲಿಲ್ಲ. ಬಹಳ ಸಣ್ಣ ಪರಿಣಾಮವಿದ್ದರೆ ಪತ್ತೆ ಹಚ್ಚುವುದು ಕಷ್ಟ ಎಂದೂ ಆ ವರದಿಯಲ್ಲೇ ಇದೆ.

ಬೆಳೆಗಿಂತ ಅದಕ್ಕೆ ಹೊಡೆಯುವ ಕಳೆನಾಶಕದ ಚರ್ಚೆ ಹೆಚ್ಚು ಜೀವಂತವಾಗಿದೆ. ಗ್ಲೈಫೊಸೇಟ್ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿತು, ಯುರೋಪ್ ಮತ್ತು ಅಮೆರಿಕದ ನಿಯಂತ್ರಣ ಸಂಸ್ಥೆಗಳು ಒಪ್ಪಲಿಲ್ಲ. ಹೊಲದಲ್ಲಿ ಹೊಡೆಯುವವರ ಬಗ್ಗೆ ನನಗೆ ಕಾಳಜಿಯಿದೆ, ನಿಮ್ಮ ರೊಟ್ಟಿಯ ಬಗ್ಗೆ ಇಲ್ಲ. ನಮ್ಮ ಬಿಳಿಜೋಳದಲ್ಲಿ ಕುಲಾಂತರಿ ಮಾರಾಟಕ್ಕೆ ಬಂದೇ ಇಲ್ಲ. ರೊಟ್ಟಿ ತಿನ್ನಿ, ನಡೆಯಿರಿ, ಹೇಳಿದ ದಿನ ತಪಾಸಣೆಗೆ ಹೋಗಿ.

ಪ್ರಶ್ನೆ: ನಮ್ಮ ಮಟ್ಟುಗುಳ್ಳಕ್ಕೂ ಬಿಟಿ ಸೇರಿಸಿದ್ದಾರೆ ಅಂತ ಯಾರೋ ಹೇಳಿದ್ರು. ಷಷ್ಠಿಗೆ ಗುಳ್ಳದ ಹುಳಿ ಮಾಡೋದು ಬೇಡ್ವಾ?
– ಉಡುಪಿ

ಉತ್ತರ: ಧಾರಾಳವಾಗಿ ಮಾಡಿ. ಬಿಟಿ ಬದನೆಯ ಯೋಜನೆಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪಾಲುದಾರ, ಅಲ್ಲಿ ಬಳಸಿದ ಸ್ಥಳೀಯ ತಳಿಗಳಲ್ಲಿ ಉಡುಪಿಯದ್ದೂ ಇತ್ತು. ಅದು ಮಾರುಕಟ್ಟೆಗೆ ಬರಲಿಲ್ಲ. 2009ರ ಅಕ್ಟೋಬರ್‌ನಲ್ಲಿ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರು ಸೇರಿ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿ, 2010ರ ಫೆಬ್ರುವರಿ 9ರಂದು ತಡೆ ಹಾಕಿದರು. ಬಾಂಗ್ಲಾದೇಶದ ರೈತರು 2014ರಿಂದ ಬೆಳೆಯುತ್ತಿದ್ದಾರೆ, ಅಲ್ಲಿ ಔಷಧಿ ಹೊಡೆಯುವುದು ಗಣನೀಯವಾಗಿ ಕಡಿಮೆಯಾಗಿದೆ.

ಆರೋಗ್ಯದ ದೃಷ್ಟಿಯಿಂದ ಅದೇ ಇದರ ದೊಡ್ಡ ಲಾಭ. ಕಾಂಡ ಮತ್ತು ಕಾಯಿ ಕೊರೆಯುವ ಹುಳಕ್ಕೆ ಹೆದರಿ ಬದನೆಗೆ ಸುರಿಯುವ ಔಷಧಿ ಸ್ವಲ್ಪವಲ್ಲ. ಕೈಗವಸು, ಮುಖವಾಡ ಇಲ್ಲದೆ ಸಿಂಪಡಿಸಿ, ಜೊಲ್ಲು ಸುರಿಸುತ್ತ, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿ ಆಸ್ಪತ್ರೆಗೆ ಬರುವವರನ್ನು ನೋಡಿದವರಿಗೆ ಇದು ಸಣ್ಣ ಮಾತಲ್ಲ. ಆದರೆ ಲಾಭ ಶಾಶ್ವತವೂ ಅಲ್ಲ. ಹತ್ತಿಯಲ್ಲಿ ಗುಲಾಬಿ ಕಾಯಿಕೊರಕ ಬಿಟಿಗೆ ಒಗ್ಗಿಕೊಂಡು ಮರಳಿದೆ, ಪಂಪೂ ರೈತರ ಹೆಗಲಿಗೆ ಮರಳಿದೆ. ಬದನೆಯ ನೂರಾರು ತಳಿಗಳ ತವರಿನಲ್ಲಿ ಅವಸರ ಬೇಡ ಎಂಬ ವಾದಕ್ಕೂ ತೂಕವಿದೆ. ಸ್ವತಂತ್ರ ಸಂಸ್ಥೆಗಳು ದೀರ್ಘಕಾಲ ಪರೀಕ್ಷಿಸಿ, ಫಲಿತಾಂಶವನ್ನು ಜನರ ಮುಂದಿಟ್ಟು ಬಿಡುಗಡೆ ಮಾಡಿದರೆ, ಬಿಟಿ ಬದನೆಯ ಎಣ್ಣೆಗಾಯಿ ತಿನ್ನಲು ನನಗೆ ಅಂಜಿಕೆಯಿಲ್ಲ.

ಪ್ರಶ್ನೆ: ಕುಲಾಂತರಿ ವಿರೋಧಿ ಹೋರಾಟದಲ್ಲಿದ್ದವನು ನಾನು. ನಾನು ತೆಗೆದುಕೊಳ್ಳುವ ಇನ್ಸುಲಿನ್ ಕೂಡ ಕುಲಾಂತರಿ ಎಂದು ಮಗ ಛೇಡಿಸುತ್ತಾನೆ. ನಿಲ್ಲಿಸಬೇಕೇ?
– ನಿವೃತ್ತ ನೌಕರ, ಮಂಡ್ಯ

ಉತ್ತರ: ಒಂದು ಡೋಸ್ ಕೂಡ ತಪ್ಪಿಸಬೇಡಿ. ಮಗ ಹೇಳಿದ್ದು ನಿಜ. ಮೊದಲು ಹಂದಿ, ದನಗಳ ಮೇದೋಜೀರಕದಿಂದ ಇನ್ಸುಲಿನ್ ತೆಗೆಯುತ್ತಿದ್ದರು. 1982ರಿಂದ ಮನುಷ್ಯನ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ತಯಾರಿಸಿದ್ದು ಬಂತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ತಯಾರಿಸಿತು. ಮೊಮ್ಮಕ್ಕಳ ಹೆಪಟೈಟಿಸ್ ಬಿ ಲಸಿಕೆಯೂ ಇದೇ ವಿಧಾನದ್ದು. ಆದರೆ ಮಗನಿಗೂ ಒಂದು ಮಾತು ಹೇಳಿ: ಇನ್ಸುಲಿನ್ ಶುದ್ಧೀಕರಿಸಿದ ಒಂದೇ ಪ್ರೋಟೀನ್, ಮನುಷ್ಯರ ಮೇಲೆ ಪರೀಕ್ಷಿಸಿದ ಔಷಧ. ಅದು ಸುರಕ್ಷಿತ ಎಂದಾಕ್ಷಣ ನಾಳೆ ಬರುವ ಹೊಸ ಬೆಳೆಯೂ ಸುರಕ್ಷಿತ ಎಂದಾಗುವುದಿಲ್ಲ. ನಿಮ್ಮ ಹೋರಾಟವನ್ನೂ ಇನ್ಸುಲಿನ್ನನ್ನೂ ಮುಂದುವರಿಸಬಹುದು.

ಪ್ರಶ್ನೆ: ಬಾಣಂತನಕ್ಕೆ ಮಗಳ ಮನೆಗೆ, ಅಮೆರಿಕಕ್ಕೆ ಹೊರಟಿದ್ದೇವೆ. ಹಣ್ಣಿನ ಸ್ಟಿಕ್ಕರಿನ ಸಂಖ್ಯೆ 8ರಿಂದ ಶುರುವಾದರೆ ಕುಲಾಂತರಿಯಂತೆ. ಮಗಳಿಗೆ ಅಲ್ಲಿನ ಪಪ್ಪಾಯ ಕೊಡಬಹುದೇ?
– ದಂಪತಿ, ತುಮಕೂರು

ಉತ್ತರ: 8ರ ಸಂಕೇತವನ್ನು ಅಂಗಡಿಗಳು ಬಳಕೆಗೆ ತರಲೇ ಇಲ್ಲ, ಅದನ್ನು ಹುಡುಕಿ ದಣಿಯಬೇಡಿ. 2022ರಿಂದ ಅಲ್ಲಿನ ಪೊಟ್ಟಣಗಳ ಮೇಲೆ ‘ಬಯೋಎಂಜಿನಿಯರ್ಡ್’ ಎಂಬ ಗುರುತು ಕಡ್ಡಾಯ, ಅದನ್ನು ನೋಡಿ. ಅಲ್ಲಿನ ಮೆಕ್ಕೆಜೋಳ, ಸೋಯಾ, ಸಕ್ಕರೆ ಬೀಟ್ ಶೇ 90ಕ್ಕೂ ಹೆಚ್ಚು ಕುಲಾಂತರಿಯೇ. ಹವಾಯಿಯ ಪಪ್ಪಾಯ ತೋಟಗಳನ್ನು ಉಂಗುರ ಚುಕ್ಕೆ ವೈರಸ್ ನಾಶ ಮಾಡುತ್ತಿದ್ದಾಗ, 1998ರಲ್ಲಿ ರೈತರ ಕೈಗೆ ಬಂದ ಕುಲಾಂತರಿ ‘ರೇನ್‌ಬೋ’ ತಳಿ ಅವನ್ನು ಉಳಿಸಿತು. ಅಮೆರಿಕದವರು ಅಂದಿನಿಂದಲೂ ಅದನ್ನು ತಿನ್ನುತ್ತಿದ್ದಾರೆ, ಅದರಿಂದ ತೊಂದರೆಯಾದದ್ದು ವರದಿಯಾಗಿಲ್ಲ. ಚೆನ್ನಾಗಿ ಮಾಗಿದ ಹಣ್ಣನ್ನು ಬಾಣಂತಿಗೆ ಕೊಡಬಹುದು. ಇಲ್ಲಿಂದ ಒಯ್ಯುವ ಬಾಣಂತಿ ಲೇಹ್ಯದ ಬಗ್ಗೆಯೇ ನನಗೆ ಹೆಚ್ಚು ಅನುಮಾನ. ಅದರಲ್ಲಿ ಏನೇನಿದೆ ಎಂದು ಅಂಗಡಿಯವರಿಂದ ಬರೆಸಿಕೊಂಡು, ಮಗಳ ವೈದ್ಯರಿಗೆ ತೋರಿಸಿದ ಮೇಲೆ ಕೊಡಿ.