ಚಂದ್ರ ಮತ್ತು ವಾಯುಮಂಡಲದ ಉಬ್ಬರವಿಳಿತ

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಶಿಂಷಾ ನದಿಗೆ ಕಟ್ಟಿದ ದೊಡ್ಡ ಕೆರೆಯಲ್ಲಿ ಉಬ್ಬರವಿಳಿತ ಕಣ್ಣಿಗೆ ಕಾಣದು. ಆದರೆ ಅದರ ಮೇಲಿನ ಗಾಳಿಯನ್ನೂ ಚಂದ್ರ ಎಳೆಯುತ್ತಾನೆ. ಇದರಿಂದ ವಾಯುಭಾರ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಏರಿಳಿಯುತ್ತದೆ. ಈ ಏರಿಳಿತ ಉಷ್ಣವಲಯದಲ್ಲೂ ಸರಾಸರಿಯಿಂದ ಆಚೀಚೆ 0.1 ಹೆಕ್ಟೋಪಾಸ್ಕಲ್ ಕೂಡ ಇಲ್ಲ.

ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಇಲ್ಲಿ: ವಾಯುಭಾರಮಾಪಕದಲ್ಲಿ ದಿನವೂ ಬೆಳಿಗ್ಗೆ 10, ರಾತ್ರಿ 10ರ ಸುಮಾರಿಗೆ ಕಾಣುವ ಏರಿಕೆ ಚಂದ್ರನದಲ್ಲ, ಸೂರ್ಯನದು. ಅದಕ್ಕೂ ಮುಖ್ಯ ಕಾರಣ ಗುರುತ್ವವಲ್ಲ. ಓಝೋನ್ ಮತ್ತು ನೀರಾವಿ ಬಿಸಿಲು ಹೀರಿ ಕಾಯುವುದು. ಚಂದ್ರನ ಅಲೆಗಿಂತ ಇದು ಹತ್ತು ಪಟ್ಟಿಗೂ ದೊಡ್ಡದು.

ಚಂದ್ರ ನೆತ್ತಿಯ ಮೇಲಿದ್ದಾಗ ವಾಯುಭಾರ ತುಸು ಏರಿ, ಗಾಳಿ ಬೆಚ್ಚಗಾಗಿ, ಸಾಪೇಕ್ಷ ಆರ್ದ್ರತೆ ತಗ್ಗುತ್ತದೆ. 2016ರಲ್ಲಿ ಪ್ರಕಟವಾದ ಉಪಗ್ರಹ ಆಧಾರಿತ ಅಧ್ಯಯನದಂತೆ, ಮಳೆಯಲ್ಲಿ ಇದರಿಂದಾಗುವ ವ್ಯತ್ಯಾಸ ಶೇ 1ರಷ್ಟು ಮಾತ್ರ. ಹಾಗಾಗಿ ಕಡಬದ ರೈತರು ರಾಗಿ ಬಿತ್ತನೆಗೆ ನೆಚ್ಚಬೇಕಾದ್ದು ಹವಾಮಾನ ಇಲಾಖೆಯ ಮುನ್ಸೂಚನೆಯನ್ನು, ಹುಣ್ಣಿಮೆಯನ್ನಲ್ಲ.