ಪಚ್ಚಲಿ ಹಾಗೇ ಇರಲಿ ಬಿಡು, ಮಗಳೇ

ನಿಮ್ಮ ಮನೆಯಿಂದ ಶಿವಮೊಗ್ಗಕ್ಕೆ ಬಂದು ಎರಡು ದಿನವಾಯಿತು. ಚೀಲದಿಂದ ಬಟ್ಟೆ ತೆಗೆಯುವಾಗ ಪುಟ್ಟಿಯ ಒಂದು ಕಾಲುಚೀಲ ಸಿಕ್ಕಿತು. ಅವಳೇ ತುರುಕಿರಬೇಕು. ಅದನ್ನು ಕೈಯಲ್ಲಿ ಹಿಡಿದು ಕೂತಾಗಲೇ, ಅಲ್ಲಿದ್ದಾಗ ಹೇಳದೆ ಉಳಿಸಿಕೊಂಡ ಮಾತನ್ನು ಬರೆದುಬಿಡೋಣ ಅನ್ನಿಸಿತು. ನಿಮ್ಮ ಅತ್ತೆಯವರು, ಅಳಿಯಂದಿರು ಎಲ್ಲರೂ ಇದ್ದರು. ಅವರೆದುರು ಹೇಳಿದರೆ ನಿನ್ನನ್ನು ಆಕ್ಷೇಪಿಸಿದಂತೆ ಆದೀತೆಂದು ಸುಮ್ಮನಿದ್ದೆ.

ಗುರುವಾರ ಬೆಳಿಗ್ಗೆ ನೆನಪಿದೆಯಾ? ನೀನು ಆಫೀಸಿಗೆ ಹೊರಟಿದ್ದೆ. ಪುಟ್ಟಿ ಬಾಗಿಲ ಹತ್ತಿರ ಕೂತು, ಅವರಪ್ಪನ ಒಂದೇ ಚಪ್ಪಲಿಗೆ ಎರಡೂ ಕಾಲು ತೂರಿಸಿಕೊಂಡು, "ಪಚ್ಚಲಿ! ಪಚ್ಚಲಿ!" ಅಂತ ನಿನ್ನನ್ನು ಕರೆದಳು. ನೀನು ಬಗ್ಗಿ, "ಪಚ್ಚಲಿ ಅಲ್ಲ ಕಂದಾ, ಚಪ್ಪಲಿ. ಹೇಳು, ಚ-ಪ್ಪ-ಲಿ" ಅಂದೆ. ಅವಳು ನಿನ್ನ ತುಟಿಯನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಚಪ್ಪಲಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಅಷ್ಟರಲ್ಲಿ ಕ್ಯಾಬ್ ಬಂದಿತ್ತು, ನೀನು ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ, ಏಕೆಂದರೆ ಆ ನೋಟ ನನಗೆ ಗೊತ್ತು.

ನನ್ನ ಮಗನಿಗೆ, ಅಂದರೆ ನಿನ್ನ ಅಣ್ಣನಿಗೆ, ಎರಡೂವರೆ ವರ್ಷವಿದ್ದಾಗ ಒಂದು ಸಂಜೆ ಓಡಿ ಬಂದು, "ಅಪ್ಪ ಮಿಠಾಯಿ ಕೊಡಿದ" ಅಂದ. ನಾನು ಆಗ ಶಾಲೆಯಿಂದ ಬಂದು ಇನ್ನೂ ಸೀರೆ ಬದಲಿಸಿರಲಿಲ್ಲ. ಮೇಷ್ಟರಗಿತ್ತಿಯ ನಾಲಿಗೆ. "ಕೊಡಿದ ಅಲ್ಲ, ಕೊಟ್ಟರು ಅನ್ನು" ಅಂದೆ. ಅನ್ನಿಸಿಯೂ ಅನ್ನಿಸಿದೆ. ದಿನವೂ ಹಾಗೇ ಮಾಡಿದೆ. ಕೆಲವು ವಾರಗಳಲ್ಲಿ ಅವನು ಏನಾದರೂ ಹೇಳುವ ಮುಂಚೆ ನನ್ನ ಮುಖ ನೋಡಿಕೊಳ್ಳುವುದನ್ನು ಕಲಿತ.

ಆ ಕೊಡಿದ ಎಂಬ ಮಾತನ್ನು ಅವನು ಯಾರ ಬಾಯಲ್ಲೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಓಡು ಇದ್ದದ್ದು ಓಡಿದ ಆಗುತ್ತದೆ, ಹಾಡು ಹಾಡಿದ ಆಗುತ್ತದೆ, ನೋಡು ನೋಡಿದ ಆಗುತ್ತದೆ. ಹಾಗಾದರೆ ಕೊಡು ಕೊಡಿದ ಆಗಬೇಕಲ್ಲವೇ? ನಾಲ್ಕನೇ ತರಗತಿಯ ಮಕ್ಕಳಿಗೆ ನಾನು ಕಪ್ಪುಹಲಗೆಯ ಮೇಲೆ ಬರೆದು ಕಲಿಸುತ್ತಿದ್ದ ನಿಯಮವನ್ನು ಈ ಮಗು ಅಂಗಳದಲ್ಲಿ ಆಡುತ್ತಾ ತಾನೇ ಕಂಡುಕೊಂಡಿತ್ತು. ಕೊಟ್ಟ, ಇಟ್ಟ, ಬಿಟ್ಟ ಇವೆಲ್ಲ ಆ ನಿಯಮಕ್ಕೆ ಹೊರತಾದವು, ಅವು ಆಮೇಲೆ ತಾವಾಗಿಯೇ ಬರುತ್ತವೆ. ಅದು ತಪ್ಪಲ್ಲ ಮಗಳೇ, ಅವನ ಬುದ್ಧಿ ಬೆಳೆಯುತ್ತಿದ್ದ ಸದ್ದು. ಇದು ನನಗೆ ಅರ್ಥವಾಗುವ ಹೊತ್ತಿಗೆ ಅವನು ಕೊಟ್ಟರು ಎಂದೇ ಸ್ಪಷ್ಟವಾಗಿ ಹೇಳುತ್ತಿದ್ದ.

ತಿದ್ದಲೇಬಾರದು ಅಂತಲ್ಲ, ತಿದ್ದುವ ಬಗೆಯೊಂದಿದೆ. ಅವಳು ಪಚ್ಚಲಿ ಅಂದಾಗ, "ಹೌದಾ, ಅಪ್ಪನ ಚಪ್ಪಲಿ ಹಾಕ್ಕೊಂಡ್ಯಾ! ಎಷ್ಟು ದೊಡ್ಡ ಚಪ್ಪಲಿ!" ಅಂತ ನೀನು ಮಾತು ಮುಂದುವರಿಸು. ಸರಿಯಾದ ಪದ ಅವಳ ಕಿವಿಗೆ ಎರಡು ಸಲ ಬಿತ್ತು, ಮಾತೂ ನಿಲ್ಲಲಿಲ್ಲ. ಅವಳಿಗೆ ಅಷ್ಟು ಸಾಕು.

ಎದುರು ಫ್ಲ್ಯಾಟಿನ ಮಗು ಹತ್ತು ತಿಂಗಳಿಗೇ ನಡೆಯಿತು, ನಮ್ಮವಳು ಹದಿನೈದಕ್ಕೆ ಹೆಜ್ಜೆ ಇಟ್ಟಳು ಅಂತ ನೀನು ಆ ರಾತ್ರಿ ಎರಡು ಸಲ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯವರು ನಮ್ಮ ದೇಶವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆರೋಗ್ಯವಾಗಿರುವ ಮಕ್ಕಳು ಹಿಡಿಯದೆ ನಡೆಯಲು ಶುರು ಮಾಡುವ ಕಾಲ ಸುಮಾರು 8 ತಿಂಗಳಿಂದ ಹಿಡಿದು 17 ತಿಂಗಳು ದಾಟುವವರೆಗೂ ಹರಡಿಕೊಂಡಿದೆ ಎನ್ನುತ್ತದೆ ಅದು. ನೂರಕ್ಕೆ ನಾಲ್ಕು ಮಕ್ಕಳಂತೂ ಅಂಬೆಗಾಲಿಡದೆಯೇ ನಡೆದವು. ಹತ್ತಕ್ಕೆ ನಡೆದದ್ದೂ ಸರಿಯೇ, ಹದಿನೈದಕ್ಕೆ ನಡೆದದ್ದೂ ಸರಿಯೇ. ಹದಿನೆಂಟು ತಿಂಗಳು ತುಂಬಿದರೂ ನಡೆಯದಿದ್ದರೆ, ಹೆಸರು ಹಿಡಿದು ಕರೆದರೂ ತಿರುಗದಿದ್ದರೆ, ಬರುತ್ತಿದ್ದ ಮಾತು ನಿಂತುಹೋದರೆ ಮಾತ್ರ ಕಾಯಬಾರದು. ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಮಾತು, ಕಿವಿಯ ವಿಷಯಕ್ಕಂತೂ ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ. ನಮ್ಮ ಪುಟ್ಟಿಗೆ ಅದ್ಯಾವುದೂ ಬೇಕಿಲ್ಲ. ಹಾಲಿನವನ ಗಂಟೆ ಕೇಳಿದರೆ ನಿನಗಿಂತ ಮೊದಲು ಬಾಗಿಲಿಗೆ ಓಡುವವಳು ಅವಳು.

ಇನ್ನು ಆ ಹಪ್ಪಳದ ಗಲಾಟೆ. ತಟ್ಟೆಗೆ ಹಾಕುವಾಗ ಹಪ್ಪಳ ಎರಡಾಯಿತು. ಅವಳು ನೆಲಕ್ಕೆ ಬಿದ್ದು ಹೊರಳಿ ಅತ್ತಳು. "ಎಷ್ಟು ಹಟ ನೋಡಿ ದೊಡ್ಡಮ್ಮಾ" ಅಂದೆ ನೀನು. ನನಗೆ ಅದು ಹಟವೆಂದು ತೋರಲಿಲ್ಲ. ಸಂಜೆ ಅವಳು ಡಬ್ಬಿಗಳಿಗೆಲ್ಲ ಮುಚ್ಚಳ ಹಾಕುವುದನ್ನು ಕೂತು ನೋಡಿದೆ. ಸಾಸಿವೆ ಡಬ್ಬಿಯ ಮುಚ್ಚಳವನ್ನು ಮೆಂತ್ಯದ ಡಬ್ಬಿಗೆ ಇಟ್ಟು, ಕೂರದಿದ್ದಾಗ ತೆಗೆದು, ತಿರುಗಿಸಿ, ಕೊನೆಗೆ ಸರಿಯಾದದ್ದು ಕೂತಾಗ ಅದನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಯಾವುದು ಎಲ್ಲಿಗೆ ಸೇರಬೇಕು, ಯಾವುದು ಇಡಿಯಾಗಿರಬೇಕು ಎಂಬುದೇ ಅವಳಿಗೆ ಈಗ ದೊಡ್ಡ ವಿಷಯ. ಹಪ್ಪಳ ಮುರಿದಾಗ ಅವಳ ಪಾಲಿಗೆ ಮುರಿದದ್ದು ಬರೀ ಹಪ್ಪಳವಲ್ಲ. ಎತ್ತಿಕೊಂಡು "ಮುರಿದುಹೋಯ್ತಾ ಪುಟ್ಟಿ" ಅಂತ ಬೆನ್ನು ಸವರು. ಇನ್ನೊಂದು ಇಡೀ ಹಪ್ಪಳ ಇದ್ದರೆ ಕೊಡು, ಇಲ್ಲದಿದ್ದರೆ ಅಳಲಿ. ನೀನು ಪಕ್ಕದಲ್ಲಿದ್ದರೆ ಸಾಕು.

ನನಗಿರುವ ಒಂದು ನೋವನ್ನೂ ನಿನಗೆ ಹೇಳಬೇಕು. ನಿನ್ನ ಅಣ್ಣ ಬೋರಲು ಬಿದ್ದ ದಿನ, ಹೊಸ್ತಿಲು ದಾಟಿದ ದಿನ, ಮೊದಲ ಹಲ್ಲು ಕಂಡ ದಿನ, ಎಲ್ಲ ನನ್ನ ಹತ್ತಿರ ಇವೆ. ನನ್ನ ಅಮ್ಮ, ನಿನ್ನ ಅಜ್ಜಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಆ ತಾರೀಖಿನ ಕೆಳಗೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಹೊಸ್ತಿಲು ದಾಟಿದ ದಿನ ಪಾಯಸ ಮಾಡಿ ಅಕ್ಕಪಕ್ಕದವರಿಗೆ ಕೊಟ್ಟದ್ದೂ ಅದರಲ್ಲಿದೆ. ಆದರೆ ಅವನು ಫ್ಯಾನಿಗೆ ಒಂದು ಹೆಸರಿಟ್ಟಿದ್ದ. ಮಲಗಿಸಿದಾಗಲೆಲ್ಲ ಮೇಲೆ ಬೆರಳು ತೋರಿಸಿ ಅದನ್ನು ಕರೆಯುತ್ತಿದ್ದ, ಮನೆಮಂದಿಯೆಲ್ಲ ಅದೇ ಹೆಸರನ್ನು ಬಳಸುತ್ತಿದ್ದೆವು. ಆ ಪದ ಏನೆಂದು ನನಗೆ ನೆನಪಿಲ್ಲ. ಅವನಿಗೂ ಇಲ್ಲ. ನಿನ್ನ ದೊಡ್ಡಪ್ಪನಿಗೆ ನೆನಪಿತ್ತೇನೋ, ಕೇಳಿಕೊಳ್ಳುವ ಮೊದಲೇ ಅವರು ಹೋದರು. ಕೆಲವು ರಾತ್ರಿ ಫ್ಯಾನು ನೋಡುತ್ತಾ ಮಲಗಿ, ಬಾಯಲ್ಲಿ ಒಂದೊಂದೇ ಅಕ್ಷರ ಆಡಿಸಿ ನೋಡುತ್ತೇನೆ.

ಮೊದಲನೆಯದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಈ ನಡುವಿನವು ಹೋಗಿಬಿಡುತ್ತವೆ. ಅದಕ್ಕೇ ಒಂದು ನೋಟ್‌ಬುಕ್ಕು ಇಟ್ಟುಕೋ. ವಿಡಿಯೋ ಇದೆಯಲ್ಲ ಅನ್ನಬೇಡ. ಮೊಬೈಲು ಎತ್ತಿ "ಇನ್ನೊಂದ್ಸಲ ಹೇಳು" ಅಂದಕೂಡಲೇ ಪುಟ್ಟಿ ಮಾತು ಬಿಟ್ಟು ಮೊಬೈಲಿಗೆ ಕೈಚಾಚಿದ್ದನ್ನು ನಾನೇ ನೋಡಿದೆ. ಒಂದು ಸಾಲು ಸಾಕು: ಏನಂದಳು, ಯಾರಿಗೆ ಅಂದಳು, ಒಲೆಯ ಮೇಲೆ ಏನಿತ್ತು. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗನ ಬಗ್ಗೆ ಹೀಗೇ ಬರೆದಿಟ್ಟುಕೊಂಡಿದ್ದ. ಅದನ್ನಿಟ್ಟುಕೊಂಡು 1877ರಲ್ಲಿ ಒಂದು ಲೇಖನ ಬರೆದ. ವರ್ಷ ತುಂಬಿದಾಗ ಆ ಮಗು ಊಟಕ್ಕೆ ತಾನೇ ಒಂದು ಪದ ಮಾಡಿಕೊಂಡಿತ್ತಂತೆ: ಮಮ್. ಓದಿದಾಗ ನನಗೆ ಮೈ ಜುಮ್ಮೆಂದಿತು. ನಮ್ಮ ಮನೆಗಳಲ್ಲಿ ತುತ್ತು ಹಿಡಿದು ಕರೆಯುವ ಮಮ್ಮು ಅದೇ ತಾನೇ? ಆತ ಬರೆದಿಟ್ಟದ್ದರಿಂದ ಆ ಮಗುವಿನ ಒಂದು ಪದ ಇಷ್ಟು ದೂರ ನಮ್ಮ ಅಡುಗೆಮನೆಯವರೆಗೆ ಬಂತು.

ದಿನವೂ ಬರೆಯಲಾಗುವುದಿಲ್ಲ, ನಿನ್ನ ಕೆಲಸ ನನಗೆ ಗೊತ್ತು. ರಾತ್ರಿ ಎಂಟಕ್ಕೆ ಮನೆ ಸೇರುವವಳಿಗೆ ಇನ್ನೊಂದು ಭಾರ ಹೊರಿಸಲು ನಾನು ಇದನ್ನು ಬರೆಯುತ್ತಿಲ್ಲ. ವಾರಕ್ಕೆ ಒಂದು ಸಾಲಾದರೂ ಸರಿ. ಭಾನುವಾರ ಮಾತ್ರ ಲಿಫ್ಟು ಬಿಟ್ಟು, ಅವಳ ಜೊತೆ ಮೆಟ್ಟಿಲಿಳಿದು ನೋಡು. ಮೂರು ಮಹಡಿ ಇಳಿಯುವುದಕ್ಕೆ ಅರ್ಧ ಗಂಟೆ ಬೇಕು ಅವಳಿಗೆ. ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಇಟ್ಟು, ನಿಂತು, ಗೋಡೆಯ ಇರುವೆಗೆ ಟಾಟಾ ಮಾಡಿ ಮುಂದಿನದಕ್ಕೆ ಹೋಗುತ್ತಾಳೆ. ನಾನಿದ್ದ ನಾಲ್ಕು ದಿನವೂ ಹಾಗೇ ಇಳಿದೆವು.

ಕಾಲುಚೀಲವನ್ನು ಮುಂದಿನ ಸಲ ಬಂದಾಗ ತರುತ್ತೇನೆ. ಈ ಭಾನುವಾರ ಫೋನ್ ಮಾಡಿದಾಗ, ಪುಟ್ಟಿ ಫ್ಯಾನಿಗೆ ಏನೆನ್ನುತ್ತಾಳೆ ಹೇಳು. ಪೆನ್ಸಿಲು ಹಿಡಿದೇ ಕೂತಿರುತ್ತೇನೆ.