ಹಸುರು ಹಾವಿನ ಕಣ್ಣು

ಮಂಗಳೂರಿನ ಹಿತ್ತಿಲುಗಳಲ್ಲಿ, ಮಳೆಗಾಲದಲ್ಲಿ ದಾಸವಾಳದ ಬೇಲಿ ದಟ್ಟವಾದಾಗ, ಬಳ್ಳಿಯೊಂದು ತಲೆಯೆತ್ತಿ ನಮ್ಮನ್ನು ನೋಡುವುದುಂಟು. ಗಾಳಿಗೆ ಅಲುಗುವ ಕಡ್ಡಿಯಂತೆ ಅದು ಮೆಲ್ಲನೆ ತೂಗಾಡುತ್ತದೆ. ಅದೇ ಹಸುರು ಹಾವು. ಕಂಡವರು ಮೊದಲು ಮುಖ ಮುಚ್ಚಿಕೊಳ್ಳುತ್ತಾರೆ, ಅನಂತರ ಕೋಲನ್ನು ಹುಡುಕುತ್ತಾರೆ. ಹಾವು ಹಾರಿ ಬಂದು ಕಣ್ಣು ಕುಕ್ಕುವುದೆಂಬ ಭಯವೇ ಇದಕ್ಕೆ ಕಾರಣ.

ಈ ಭಯ ನಮ್ಮಲ್ಲಿ ಮಾತ್ರವಿಲ್ಲ. ತಮಿಳರು ಇದನ್ನು ‘ಕಣ್‌ಕೊತ್ತಿ ಪಾಂಬು’ ಎನ್ನುತ್ತಾರೆ. ವಿಜ್ಞಾನಿಗಳು ಇದರ ಕುಲಕ್ಕೆ ಇಟ್ಟಿರುವ ‘ಅಹೇಟುಲ್ಲಾ’ ಎಂಬ ಹೆಸರು ಸಿಂಹಳ ಭಾಷೆಯಿಂದ ಬಂದುದು. ಅದರ ಅರ್ಥವೂ ಕಣ್ಣು ಕೀಳುವುದು ಎಂದೇ. ನಿರಪರಾಧಿಯ ಮೇಲಿನ ಅಪವಾದ ಶಾಸ್ತ್ರೀಯ ನಾಮದಲ್ಲಿಯೇ ನೆಲೆಯೂರಿದೆ!

ಈ ಹಾವು ಒಂದೂವರೆ ಮೀಟರಿನಷ್ಟು ಬೆಳೆದರೂ ಅದರ ಮೈ ಬೆರಳಿನ ದಪ್ಪ ಮಾತ್ರ. ಬಣ್ಣ ಎಲೆಹಸುರು, ಮೂತಿ ಚೂಪು. ಕೆಣಕಿದಾಗ ಕತ್ತನ್ನು ಉಬ್ಬಿಸಿ, ಹುರುಪೆಗಳ ನಡುವಣ ಕಪ್ಪು-ಬಿಳಿ ಚರ್ಮವನ್ನು ತೋರಿಸಿ, ಬಾಯಿ ತೆರೆದು ಹೆದರಿಸುತ್ತದೆ. ನಮ್ಮ ಮುಖದ ಮಟ್ಟದ ಕೊಂಬೆಯಲ್ಲಿ ಇದು ನಡೆದರೆ, ಕಣ್ಣಿಗೇ ಗುರಿಯಿಟ್ಟಂತೆ ತೋರುವುದು ಸಹಜವೇ.

ನಿಜವಾಗಿ ಗಮನಿಸಬೇಕಾದುದು ಹಾವಿನ ಕಣ್ಣನ್ನು. ಹಾವುಗಳ ಪಾಪೆ ಸಾಮಾನ್ಯವಾಗಿ ದುಂಡು, ಇಲ್ಲವೆ ನೆಟ್ಟಗೆ ನಿಂತ ಸೀಳು. ಇದರ ಪಾಪೆ ಅಡ್ಡಲಾಗಿದ್ದು, ಬೀಗದ ಕೈ ತೂರುವ ರಂಧ್ರದಂತಿದೆ. ಕಣ್ಣಿನಿಂದ ಮೂತಿಯ ಕಡೆಗೆ ಎರಡು ಪಕ್ಕಗಳಲ್ಲಿಯೂ ತೋಡೊಂದು ಸಾಗುತ್ತದೆ. ಆದುದರಿಂದ ಎರಡು ಕಣ್ಣುಗಳೂ ಮುಂದಿರುವ ಒಂದೇ ವಸ್ತುವನ್ನು ಏಕಕಾಲಕ್ಕೆ ನೋಡಬಲ್ಲವು. ಅದರಿಂದ ದೂರದ ಅಂದಾಜು ದೊರೆಯುತ್ತದೆ. ಒಂದು ಕಣ್ಣನ್ನು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಯತ್ನಿಸಿ. ಇದರ ಬೆಲೆ ತಿಳಿಯುವುದು. ಕೊಂಬೆಯಿಂದ ಮೈ ಚಾಚಿ ಓತಿಯನ್ನು ಹಿಡಿಯಬೇಕಾದ ಪ್ರಾಣಿಗೆ ದೂರದ ಲೆಕ್ಕ ತಪ್ಪಿದರೆ ಊಟವೂ ತಪ್ಪಿತು.

ದಕ್ಷಿಣ ಅಮೆರಿಕದ ಮರಬೋವಾ ಹಾವಿಗೆ ವಿಷವಿಲ್ಲ. ಅದು ಬೇಟೆಯನ್ನು ಸುತ್ತಿ ಹಿಂಡುತ್ತದೆ. ನಮ್ಮ ಹಸುರು ಹಾವು ಕಚ್ಚಿ ಹಿಡಿದುಕೊಳ್ಳುತ್ತದೆ. ಮೇಲ್ದವಡೆಯ ಹಿಂಭಾಗದ ಹಲ್ಲುಗಳಿಂದ ಇಳಿಯುವ ಮಂದವಿಷ ಓತಿ, ಕಪ್ಪೆಗಳಿಗೆ ಸಾಕು. ಮನುಷ್ಯನಿಗೆ ನೋವು, ಬಾವು ಬಂದೀತು, ಪ್ರಾಣಾಪಾಯವಿಲ್ಲ. ಹಾಗೆಂದು ಹಸುರಾದುದನ್ನೆಲ್ಲ ಕೈಯಲ್ಲಿ ಹಿಡಿಯಬಾರದು. ಘಟ್ಟದ ಕಾಡುಗಳಲ್ಲಿ ಹಸುರು ಬಣ್ಣದ ಕುಳಿಮಂಡಲಗಳೂ ಇವೆ. ಅವುಗಳ ತಲೆ ಅಗಲವಾದ ತ್ರಿಕೋನ, ಪಾಪೆ ನೆಟ್ಟನೆಯ ಸೀಳು, ವಿಷ ತೀಕ್ಷ್ಣ.

ಅಡಕೆಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಗುಡ್ಡದ ಪೊದೆ, ಕಾಡಿನ ಅಂಚು ಇವು ಹಸುರು ಹಾವಿನ ವಾಸಸ್ಥಾನಗಳು. ದಕ್ಷಿಣ ಭಾರತದಲ್ಲಿಯೂ ಶ್ರೀಲಂಕೆಯಲ್ಲಿಯೂ ಇರುವುದು ಒಂದೇ ಪ್ರಭೇದವೆಂದು ಬಹುಕಾಲ ತಿಳಿಯಲಾಗಿತ್ತು. ೨೦೨೦ರಲ್ಲಿ ಪ್ರಕಟವಾದ ಸಂಶೋಧನೆ ಅದನ್ನು ಹಲವು ಪ್ರಭೇದಗಳಾಗಿ ವಿಂಗಡಿಸಿತು. ‘ನಾಸೂಟಾ’ ಎಂಬ ಹಳೆಯ ಹೆಸರು ಶ್ರೀಲಂಕೆಯ ಹಾವಿಗೆ ಮಾತ್ರ ಉಳಿಯಿತು. ಇವೆಲ್ಲವೂ ಮೊಟ್ಟೆಯಿಡದೆ ಮರಿಗಳನ್ನೇ ಈಯುತ್ತವೆ.